ಕೊಳಚೆ ನೀರಿನ ರಂಜಕವನ್ನು ಸೂಕ್ಷ್ಮಜೀವಿಗಳಿಂದ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಟಿಪಿಗಳನ್ನು (ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು) ನಡೆಸುವವರು, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು, ಪರಿಸರ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ತಮ್ಮೂರಿನ ಕೆರೆಯ ಬಗ್ಗೆ ಕಾಳಜಿಯುಳ್ಳವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಫಾಸ್ಫರಸ್ ಎಂದು ನಿತ್ಯ ಬಳಕೆಯಲ್ಲಿ ಕರೆಯುವ ಮೂಲವಸ್ತುವನ್ನು ಇಲ್ಲಿ ರಂಜಕ ಎಂದೇ ಬರೆಯಲಾಗಿದೆ.

ಕೊಳಚೆ ನೀರಿಗೆ ರಂಜಕ ಎಲ್ಲಿಂದ ಬರುತ್ತದೆ?

ಹೆಚ್ಚಿನ ಪಾಲು ನಮ್ಮ ದೇಹದಿಂದಲೇ ಬರುತ್ತದೆ. ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸ ಇವೆಲ್ಲದರಲ್ಲೂ ರಂಜಕವಿದೆ. ಬೆಳವಣಿಗೆ ಮುಗಿದ ದೇಹವು ತಾನು ಸೇವಿಸಿದಷ್ಟನ್ನು ಹೆಚ್ಚುಕಡಿಮೆ ಹಾಗೆಯೇ ಹೊರಹಾಕುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂತ್ರದಲ್ಲಿರುತ್ತದೆ. ಬಟ್ಟೆ ಮತ್ತು ಪಾತ್ರೆ ತೊಳೆಯುವ ಪುಡಿಗಳಲ್ಲಿನ ಫಾಸ್ಫೇಟ್ ಇದಕ್ಕೆ ಸೇರಿದರೆ ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ದಿನಕ್ಕೆ ಸುಮಾರು 1ರಿಂದ 2 ಗ್ರಾಂ ಆಗುತ್ತದೆ. ಮನೆಗಳಿಂದ ಬರುವ ಕೊಳಚೆ ನೀರಿನ ಪ್ರತಿ ಲೀಟರಿನಲ್ಲಿ ಸಾಮಾನ್ಯವಾಗಿ 4ರಿಂದ 10 ಮಿಲಿಗ್ರಾಂ ರಂಜಕ ಕಾಣಸಿಗುತ್ತದೆ.

ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವ ವಸ್ತುವಿನ ಬಗ್ಗೆ ಇಷ್ಟು ಆತಂಕವೇಕೆ?

ಸಿಹಿನೀರಿನ ಕೆರೆಗಳಲ್ಲಿ ಪಾಚಿಯ ಬೆಳವಣಿಗೆಗೆ ಮಿತಿ ಹಾಕುವುದು ಬಹುಮಟ್ಟಿಗೆ ರಂಜಕವೇ. ಒಂದು ಗ್ರಾಂ ರಂಜಕ ದೊರೆತರೆ ಸುಮಾರು ನೂರು ಗ್ರಾಂ ಒಣ ತೂಕದಷ್ಟು ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗಿ ಮೀನುಗಳು ಸಾಯುತ್ತವೆ. ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು 1973ರಲ್ಲಿ ಆಂಟಾರಿಯೊ ಪ್ರಾಂತ್ಯದ 226ನೇ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಒಂದು ಕಡೆಗೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದು ಕಡೆಗೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗವಷ್ಟೇ ದಟ್ಟ ಹಸಿರಾಯಿತು.

ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ವಿಷಯದಲ್ಲಿ ಸ್ಪಷ್ಟತೆ ಬೇಕು. ಅಲ್ಲಿನ ನೊರೆಗೆ ಮುಖ್ಯ ಕಾರಣ ಸಾಬೂನು ಪುಡಿಗಳಲ್ಲಿರುವ ನೊರೆಕಾರಕಗಳು. ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬುವ ಅಂತರಗಂಗೆ ಮತ್ತು ಪಾಚಿಗೆ ಉಣಿಸುವುದು ರಂಜಕ ಹಾಗೂ ಸಾರಜನಕ. ನೊರೆ ನಿಂತಿತು ಎಂದ ಮಾತ್ರಕ್ಕೆ ಪೋಷಕಾಂಶಗಳ ಸಮಸ್ಯೆ ಮುಗಿದಂತಾಗುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವುದರಿಂದ, ಸಂಸ್ಕರಣೆಯ ನಂತರ ನೀರಿನಲ್ಲಿ ಎಷ್ಟು ರಂಜಕ ಉಳಿದಿದೆ ಎಂಬುದು ಬೆಂಗಳೂರಿನ ಆಚೆಗೂ ಸಲ್ಲುವ ಪ್ರಶ್ನೆಯಾಗಿದೆ.

ಮಾಮೂಲಿ ಎಸ್‌ಟಿಪಿ ರಂಜಕವನ್ನು ತೆಗೆಯುವುದಿಲ್ಲವೇ?

ಸ್ವಲ್ಪ ತೆಗೆಯುತ್ತದೆ. ಯಾವ ಬ್ಯಾಕ್ಟೀರಿಯಾ ಬೆಳೆಯಬೇಕಾದರೂ ರಂಜಕ ಬೇಕು, ಹೀಗಾಗಿ ಘಟಕದಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ರಾಶಿಯಾದ ಸಾಧಾರಣ ಕೆಸರಿನ ಒಣ ತೂಕದಲ್ಲಿ ಶೇ 1.5ರಿಂದ 2.5ರಷ್ಟು ರಂಜಕ ಇದ್ದೇ ಇರುತ್ತದೆ. ಇದು ಸಾಲುತ್ತದೆಯೇ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು.

ದಿನಕ್ಕೆ ಒಂದು ಕೋಟಿ ಲೀಟರ್ ಕೊಳಚೆ ನೀರು ಬರುವ ಘಟಕವೊಂದನ್ನು ಊಹಿಸಿಕೊಳ್ಳಿ. ಲೀಟರಿಗೆ 6 ಮಿಲಿಗ್ರಾಂ ರಂಜಕವಿದ್ದರೆ ದಿನಕ್ಕೆ 60 ಕಿಲೋ ಒಳಬರುತ್ತದೆ. ಇಂಥ ಘಟಕದಿಂದ ದಿನಕ್ಕೆ ಸುಮಾರು 1,400 ಕಿಲೋ (ಒಣ ತೂಕ) ಕೆಸರನ್ನು ಹೊರತೆಗೆಯುತ್ತಾರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ 2ರಷ್ಟು ರಂಜಕವಿದ್ದರೆ ಕೆಸರಿನ ಜೊತೆ ಹೋಗುವುದು 28 ಕಿಲೋ ಮಾತ್ರ. ಉಳಿದ 32 ಕಿಲೋ ನೀರಿನಲ್ಲೇ ಹೊರಗೆ ಹೋಗುತ್ತದೆ, ಅಂದರೆ ಲೀಟರಿಗೆ 3.2 ಮಿಲಿಗ್ರಾಂ. ಇದನ್ನು 1 ಮಿಲಿಗ್ರಾಂಗೆ ಇಳಿಸಬೇಕಾದರೆ 50 ಕಿಲೋ ರಂಜಕ ಕೆಸರಿನಲ್ಲಿ ಹೋಗಬೇಕು, ಅದಕ್ಕೆ ಕೆಸರಿನಲ್ಲಿ ರಂಜಕದ ಪ್ರಮಾಣ ಶೇ 3.6ರ ಆಸುಪಾಸಿಗೆ ಏರಬೇಕು. ಸಾರಜನಕವನ್ನಾದರೆ ಅನಿಲವಾಗಿಸಿ ಗಾಳಿಗೆ ಬಿಡಬಹುದು. ಶುದ್ಧೀಕರಣ ಘಟಕದಲ್ಲಿ ರಂಜಕಕ್ಕೆ ಆ ದಾರಿಯಿಲ್ಲ, ಅದು ನೀರಿನಲ್ಲಿ ಹೋಗಬೇಕು, ಇಲ್ಲವೇ ಕೆಸರಿನಲ್ಲಿ ಹೋಗಬೇಕು. ಮುಂದಿನ ಎಲ್ಲ ಉತ್ತರಗಳೂ ಈ ಒಂದು ಸಂಗತಿಯನ್ನು ಆಧರಿಸಿವೆ.

ಹಾಗಾದರೆ ಸೂಕ್ಷ್ಮಜೀವಿಗಳು ತಮಗೆ ಬೇಕಾದುದಕ್ಕಿಂತ ಹೆಚ್ಚು ರಂಜಕವನ್ನು ಹೀರಿಕೊಳ್ಳುವಂತೆ ಮಾಡುವುದು ಹೇಗೆ?

ಕೆಲವು ಬ್ಯಾಕ್ಟೀರಿಯಾಗಳು ರಂಜಕವನ್ನು ಪಾಲಿಫಾಸ್ಫೇಟ್ ಎಂಬ ಉದ್ದನೆಯ ಸರಪಳಿಗಳ ರೂಪದಲ್ಲಿ, ರೈತರು ಕಣಜದಲ್ಲಿ ಕಾಳು ತುಂಬಿಟ್ಟುಕೊಳ್ಳುವಂತೆ, ತಮ್ಮ ಜೀವಕೋಶದೊಳಗೆ ಶೇಖರಿಸಿಡುತ್ತವೆ. ಇದು ಅವುಗಳಿಗೆ ಶಕ್ತಿಯ ದಾಸ್ತಾನು. ಮೊದಲು ಗಾಳಿಯೂ ನೈಟ್ರೇಟೂ (ಆಮ್ಲಜನಕದ ಬದಲಿಗೆ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಬಳಸಬಲ್ಲ ಸಾರಜನಕದ ಲವಣ) ಇಲ್ಲದ ತೊಟ್ಟಿ, ನಂತರ ಚೆನ್ನಾಗಿ ಗಾಳಿಯಾಡುವ ತೊಟ್ಟಿ, ಹೀಗೆ ಎರಡರಲ್ಲಿ ಕೆಸರನ್ನು ಮತ್ತೆ ಮತ್ತೆ ಸುತ್ತಿಸಿದಾಗ ಈ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಇತರರಿಗಿಲ್ಲದ ಅನುಕೂಲ ದೊರೆಯುತ್ತದೆ.

ಮೊದಲ ತೊಟ್ಟಿಯಲ್ಲಿ, ಕೊಳಚೆ ನೀರಿನಲ್ಲಿರುವ ಅಸಿಟೇಟ್, ಪ್ರೊಪಿಯೊನೇಟ್‌ನಂತಹ ಸಣ್ಣ ಕೊಬ್ಬಿನಾಮ್ಲಗಳು ಆಹಾರವಾಗಿ ಲಭ್ಯವಿರುತ್ತವೆ. ಉಸಿರಾಡಲು ಆಮ್ಲಜನಕವಿಲ್ಲದ ಕಾರಣ ಉಳಿದ ಬಹುಪಾಲು ಬ್ಯಾಕ್ಟೀರಿಯಾಗಳು ಆ ಆಹಾರವನ್ನು ಬಳಸಿಕೊಳ್ಳಲಾರವು. ಪಾಲಿಫಾಸ್ಫೇಟ್ ಉಳ್ಳವು ಮಾತ್ರ ಅದನ್ನು ಒಡೆದು ಬರುವ ಶಕ್ತಿಯಿಂದ ಕೊಬ್ಬಿನಾಮ್ಲಗಳನ್ನು ಒಳಗೆ ಎಳೆದುಕೊಂಡು, ಜೀವಕೋಶದೊಳಗೆ ಪ್ಲಾಸ್ಟಿಕ್‌ನಂತಹ ಒಂದು ಸಂಗ್ರಹವಸ್ತುವಾಗಿ ಪರಿವರ್ತಿಸಿ ಇಟ್ಟುಕೊಳ್ಳುತ್ತವೆ. ಒಡೆದ ಪಾಲಿಫಾಸ್ಫೇಟ್‌ನಿಂದ ಬಿಡುಗಡೆಯಾದ ಫಾಸ್ಫೇಟ್ ನೀರಿಗೆ ಸೇರುತ್ತದೆ. ಎರಡನೆಯ ತೊಟ್ಟಿಗೆ ಬಂದಾಗ ಹೊರಗಿನ ಆಹಾರ ಹೆಚ್ಚು ಉಳಿದಿರುವುದಿಲ್ಲ. ಆಗ ಇವು ತಮ್ಮೊಳಗಿನ ಸಂಗ್ರಹವನ್ನು ಆಮ್ಲಜನಕದ ನೆರವಿನಿಂದ ಉರಿಸಿ, ಬೆಳೆದು, ಬಿಟ್ಟುಕೊಟ್ಟ ಫಾಸ್ಫೇಟನ್ನೂ ಅದರ ಮೇಲೆ ಕೊಳಚೆಯಲ್ಲಿ ಬಂದುದನ್ನೂ ಹೀರಿಕೊಂಡು ಪಾಲಿಫಾಸ್ಫೇಟ್ ದಾಸ್ತಾನನ್ನು ಮತ್ತೆ ತುಂಬಿಸಿಕೊಳ್ಳುತ್ತವೆ. ಹೀಗೆ ತುಂಬಿಕೊಂಡ ಕೆಸರಿನ ಒಂದು ಪಾಲನ್ನು ಪ್ರತಿದಿನ ಹೊರತೆಗೆದಾಗ ರಂಜಕ ಘಟಕದಿಂದ ನಿಜವಾಗಿ ಹೊರಹೋಗುತ್ತದೆ. ಚೆನ್ನಾಗಿ ನಡೆಯುವ ಘಟಕಗಳಲ್ಲಿ ಕೆಸರಿನ ರಂಜಕ ಶೇ 5ರಿಂದ 7ರವರೆಗೂ ಏರುತ್ತದೆ, ಹೊರಹೋಗುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಉಳಿಯುತ್ತದೆ.

ಈ ವಿದ್ಯಮಾನವನ್ನು ಮೊದಲು ಗುರುತಿಸಿದವರು ಯಾರು?

ಇದಕ್ಕೆ ಉತ್ತರ ಬೆಂಗಳೂರಿನಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟೋ ಎಂಜಿನಿಯರುಗಳಿಗೂ ತಿಳಿದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀನಾಥ್, ಶಾಸ್ತ್ರಿ ಮತ್ತು ಪಿಳ್ಳೈ ಅವರು 1959ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಗಾಳಿಯೂದಿದ ಕೆಸರು ಬೆಳವಣಿಗೆಗೆ ಬೇಕಾದುದಕ್ಕಿಂತ ಹೆಚ್ಚಿನ ರಂಜಕವನ್ನು ಬೇಗನೆ ಹೀರಿಕೊಳ್ಳುವುದನ್ನು ವರದಿ ಮಾಡಿದರು. ವಿಷಕಾರಿ ವಸ್ತು ಸೇರಿಸಿದಾಗ ಹಾಗೂ ಆಮ್ಲಜನಕ ಇಲ್ಲದಾಗ ಈ ಹೀರುವಿಕೆ ನಿಲ್ಲುವುದರಿಂದ ಇದು ರಾಸಾಯನಿಕ ಕ್ರಿಯೆಯಾಗಿರದೆ ಜೀವಿಗಳ ಕೆಲಸವೇ ಎಂಬುದು ತಿಳಿಯಿತು. ಈ ವಿಷಯದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆರಂಭಿಸುವುದೇ ಈ ಪ್ರಬಂಧದಿಂದ.

ಅಮೆರಿಕದಲ್ಲಿ ಗಿಲ್ಬರ್ಟ್ ಲೆವಿನ್ ಮತ್ತು ಜೋಸೆಫ್ ಶಪಿರೊ 1965ರಲ್ಲಿ, ಕೆಸರು ರಂಜಕವನ್ನು ಹೀರುವುದನ್ನೂ ಬಿಡುವುದನ್ನೂ ವಿವರವಾಗಿ ದಾಖಲಿಸಿದರು. (ಇದೇ ಲೆವಿನ್ ಮುಂದೆ ವೈಕಿಂಗ್ ನೌಕೆಗಳಲ್ಲಿ ಮಂಗಳ ಗ್ರಹಕ್ಕೆ ಹೋದ ಜೀವಪತ್ತೆಯ ಪ್ರಯೋಗವೊಂದನ್ನು ರೂಪಿಸಿದವರು.) ಎಂಜಿನಿಯರುಗಳ ಕೈಗೆ ಸಿಗುವ ವಿನ್ಯಾಸವಾಗಿ ಇದನ್ನು ಬೆಳೆಸಿದ ಹಿರಿಮೆ ದಕ್ಷಿಣ ಆಫ್ರಿಕಾದ ಜೇಮ್ಸ್ ಬರ್ನಾರ್ಡ್ ಅವರದು. 1970ರ ದಶಕದಲ್ಲಿ ಪ್ರಿಟೋರಿಯಾದ ಡಾಸ್‌ಪೋರ್ಟ್‌ನಲ್ಲಿ ಸಾರಜನಕ ತೆಗೆಯುವ ಪ್ರಯೋಗ ನಡೆಸುತ್ತಿದ್ದಾಗ ರಂಜಕವೂ ತೀರಾ ಕೆಳಗಿಳಿದುದನ್ನು ಗಮನಿಸಿದ ಅವರು, ನೈಟ್ರೇಟೂ ಮುಗಿದುಹೋದ ಒಂದು ಹಂತವನ್ನು ಕೆಸರು ಹಾದುಬರಬೇಕು ಎಂಬ ತೀರ್ಮಾನಕ್ಕೆ ಬಂದರು. ಇವತ್ತಿನ ಬಹುತೇಕ ವಿನ್ಯಾಸಗಳು ಈ ತೀರ್ಮಾನದ ಸಂತತಿಯೇ. 2011ರ ಲೀ ಕ್ವಾನ್ ಯೂ ಜಲ ಪ್ರಶಸ್ತಿ ಅವರಿಗೆ ಸಂದಿತು.

ಬೆಂಗಳೂರಿನಲ್ಲಿ ಕಣ್ಣಿಗೆ ಬಿದ್ದ ವಿದ್ಯಮಾನವು ದಕ್ಷಿಣ ಆಫ್ರಿಕಾ, ಕೆನಡಾ ಮತ್ತು ಯುರೋಪಿನಲ್ಲಿ ವಾಡಿಕೆಯ ತಂತ್ರವಾದರೂ ನಮ್ಮ ಕೆರೆಗಳ ರಕ್ಷಣೆಗೆ ಅದು ಇನ್ನೂ ವ್ಯಾಪಕವಾಗಿ ಬಳಕೆಯಾಗಿಲ್ಲ ಎಂಬುದು ನೋವಿನ ಸಂಗತಿ.

ಈ ಬ್ಯಾಕ್ಟೀರಿಯಾದ ಹೆಸರೇನು? ಪ್ಯಾಕೆಟ್‌ನಲ್ಲಿ ಕೊಂಡು ತಂದು ಹಾಕಬಹುದೇ?

ಬಹುಕಾಲ ಅಸಿನೆಟೊಬ್ಯಾಕ್ಟರ್ ಎಂಬುದೇ ಇದರ ಹಿಂದಿದೆ ಎಂದು ನಂಬಲಾಗಿತ್ತು, ಏಕೆಂದರೆ ಕೆಸರಿನಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುತ್ತಿದ್ದುದು ಅದು. ಬೆಳೆಸದೆಯೇ ವಂಶವಾಹಿಯನ್ನು ಓದಿ ಗುರುತಿಸುವ ವಿಧಾನಗಳು ಬಂದ ಮೇಲೆ ಚಿತ್ರ ಬದಲಾಯಿತು. ಮುಖ್ಯ ಪಾತ್ರಧಾರಿಗೆ 1999ರಲ್ಲಿ ಅಕ್ಯುಮುಲಿಬ್ಯಾಕ್ಟರ್ ಎಂಬ ಹೆಸರು ಬಂದಿತು. ಅದನ್ನು ಶುದ್ಧ ರೂಪದಲ್ಲಿ ಪ್ರತ್ಯೇಕಿಸಿ ಬೆಳೆಸಲಾಗದ ಕಾರಣ ಆ ಹೆಸರನ್ನು ತಾತ್ಕಾಲಿಕ ಎಂದೇ ಪರಿಗಣಿಸುತ್ತಾರೆ. ಟೆಟ್ರಾಸ್ಫೇರಾ ಎಂಬ ಇನ್ನೊಂದು ಗುಂಪೂ ಅನೇಕ ಘಟಕಗಳಲ್ಲಿ ಹೇರಳವಾಗಿದೆ. ಅಮೆರಿಕ ಮತ್ತು ಆಸ್ಟ್ರೇಲಿಯಾದ ಕೆಸರುಗಳಲ್ಲಿನ ಅಕ್ಯುಮುಲಿಬ್ಯಾಕ್ಟರ್ ವಂಶವಾಹಿಗಳನ್ನು 2006ರಲ್ಲಿ ಹೋಲಿಸಿದಾಗ, ಸಾಗರಗಳಾಚೆಗಿನ ಆ ಎರಡು ತಳಿಗಳು ಪರಸ್ಪರ ಬಹಳ ಹತ್ತಿರದವು ಎಂದು ಕಂಡುಬಂತು.

ಆದ್ದರಿಂದ ಎರಡನೆಯ ಪ್ರಶ್ನೆಗೆ ಉತ್ತರ ನೇರವಾಗಿದೆ: ಬೇಕಿಲ್ಲ. ಪ್ರತ್ಯೇಕಿಸಿ ಬೆಳೆಸಲಾಗದ ಜೀವಿಯನ್ನು ಶುದ್ಧ ಕಲ್ಚರ್ ಎಂದು ಪೊಟ್ಟಣದಲ್ಲಿ ಮಾರಲು ಬರುವುದಿಲ್ಲ. ಕೊಳಚೆಯಲ್ಲಿ ಇವು ಈಗಾಗಲೇ ಇವೆ, ಪರಿಸ್ಥಿತಿ ಒದಗಿಸಿದರೆ ಕೆಲವು ವಾರಗಳಲ್ಲಿ ತಾವಾಗಿಯೇ ಮೇಲುಗೈ ಪಡೆಯುತ್ತವೆ. ಬೇಗ ಆಗಬೇಕೆಂದರೆ, ರಂಜಕ ತೆಗೆಯುತ್ತಿರುವ ಮತ್ತೊಂದು ಘಟಕದ ಕೆಸರನ್ನು ಟ್ಯಾಂಕರಿನಲ್ಲಿ ತಂದು ಸೇರಿಸುವುದು ಹಣಕ್ಕೆ ತಕ್ಕ ಉಪಾಯ.

ಗಾಳಿಯಿಲ್ಲದ ತೊಟ್ಟಿಯ ಕೊನೆಯಲ್ಲಿ ರಂಜಕ ಒಳಬಂದುದಕ್ಕಿಂತ ಹೆಚ್ಚಾಗಿದೆ. ಘಟಕ ಕೆಟ್ಟಿದೆಯೇ?

ಇಲ್ಲ, ಅದು ಒಳ್ಳೆಯ ಲಕ್ಷಣ. ಒಳಬರುವ ನೀರಿನಲ್ಲಿ 6 ಮಿಲಿಗ್ರಾಂ ಇದ್ದು, ಆ ತೊಟ್ಟಿಯ ಕೊನೆಯಲ್ಲಿ 20 ದಾಟಿ, ಏರೇಷನ್ ಟ್ಯಾಂಕಿನ (ಗಾಳಿಯಾಡುವ ತೊಟ್ಟಿಯ) ಕೊನೆಯಲ್ಲಿ 1ಕ್ಕಿಂತ ಕೆಳಗಿಳಿದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಬಿಡುಗಡೆಯೇ ಆಗದಿದ್ದರೆ ಚಿಂತಿಸಬೇಕು.

ಇದನ್ನು ಯಾರಾದರೂ ಪರೀಕ್ಷಿಸಬಹುದು. ಏರೇಷನ್ ಟ್ಯಾಂಕಿನ ಕೊನೆಯಿಂದ ಕೆಸರುಮಿಶ್ರಿತ ನೀರನ್ನು ತೆಗೆದು ಅರ್ಧವನ್ನು ತಕ್ಷಣವೇ ಶೋಧಕ ಕಾಗದದಲ್ಲಿ ಸೋಸಿ, ಮಾಲಿಬ್ಡೇಟ್ ಇರುವ ಫಾಸ್ಫೇಟ್ ಕಿಟ್‌ನಿಂದ ನೋಡಿದರೆ ತಿಳಿ ನೀಲಿ ಬಣ್ಣ ಮೂಡುತ್ತದೆ. ಉಳಿದರ್ಧವನ್ನು ಬಾಟಲಿಯ ಕತ್ತಿನವರೆಗೆ ತುಂಬಿ, ಚಿಟಿಕೆ ಸೋಡಿಯಂ ಅಸಿಟೇಟ್ ಹಾಕಿ, ಗಾಳಿ ಸೇರದಂತೆ ಬಿರಡೆ ಬಿಗಿದು, ಆಗಾಗ ಮೆಲ್ಲನೆ ಅಲುಗಿಸುತ್ತ ಎರಡು ಮೂರು ಗಂಟೆ ಇಟ್ಟು ಸೋಸಿ ನೋಡಿ. ಈ ಬಾರಿ ಬಣ್ಣ ಗಾಢ ನೀಲಿಗೆ ತಿರುಗಿದರೆ ರಂಜಕ ಶೇಖರಿಸುವ ಬ್ಯಾಕ್ಟೀರಿಯಾಗಳು ಕೆಸರಿನಲ್ಲಿವೆ. ಸೂಕ್ಷ್ಮದರ್ಶಕ ಇರುವವರು ನೈಸರ್ ಬಣ್ಣ ಹಾಕಿ ನೋಡಿದರೆ, ಹಳದಿ ಮಿಶ್ರಿತ ಕಂದು ಹಿನ್ನೆಲೆಯಲ್ಲಿ ದ್ರಾಕ್ಷಿ ಗೊಂಚಲಿನಂಥ ಜೀವಕೋಶಗಳ ಗುಂಪಿನೊಳಗೆ ಕಡು ನೇರಳೆಯ ಕಣಗಳು ಕಾಣುತ್ತವೆ. ಅವೇ ಪಾಲಿಫಾಸ್ಫೇಟ್.

ನಮ್ಮ ಘಟಕದಲ್ಲಿ ಅನಾಕ್ಸಿಕ್ ಟ್ಯಾಂಕ್ ಇದೆ. ಅದು ಸಾಲದೇ?

ಸಾಲದು. ಅನಾಕ್ಸಿಕ್ ಎಂದರೆ ಕರಗಿದ ಆಮ್ಲಜನಕವಿಲ್ಲ, ಆದರೆ ನೈಟ್ರೇಟ್ ಇದೆ. ಸಾಮಾನ್ಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ ಕೊಬ್ಬಿನಾಮ್ಲಗಳನ್ನು ತಿಂದುಬಿಡುತ್ತವೆ, ರಂಜಕ ಶೇಖರಿಸುವವಕ್ಕೆ ಏನೂ ಉಳಿಯುವುದಿಲ್ಲ. ನೈಟ್ರೇಟ್ ಬರುವ ಮುಖ್ಯ ದಾರಿ ಕ್ಲಾರಿಫೈಯರ್‌ನಿಂದ (ಕೆಸರು ತಳಕ್ಕೆ ಕೂತು ನೀರು ತಿಳಿಯಾಗುವ ತೊಟ್ಟಿಯಿಂದ) ಹಿಂದಕ್ಕೆ ಕಳಿಸುವ ಕೆಸರು. ಈ ತೊಂದರೆಯನ್ನು ತಪ್ಪಿಸಲೆಂದೇ ಕೇಪ್‌ಟೌನ್ ವಿಶ್ವವಿದ್ಯಾಲಯದ ವಿನ್ಯಾಸದಲ್ಲಿ ಮರಳುವ ಕೆಸರನ್ನು ಮೊದಲು ಅನಾಕ್ಸಿಕ್ ತೊಟ್ಟಿಗೆ ಹಾಯಿಸಿ, ನೈಟ್ರೇಟ್ ತೀರಿದ ನಂತರವೇ ಮೊದಲ ತೊಟ್ಟಿಗೆ ಪಂಪ್ ಮಾಡುತ್ತಾರೆ.

ಆಹಾರದ ಕೊರತೆಯೂ ಇದೇ ಪರಿಣಾಮ ಬೀರುತ್ತದೆ. ಒಂದು ಮಿಲಿಗ್ರಾಂ ರಂಜಕ ತೆಗೆಯಲು ಸರಿಸುಮಾರು 7ರಿಂದ 10 ಮಿಲಿಗ್ರಾಂ ಕೊಬ್ಬಿನಾಮ್ಲ ಬೇಕು. ಬೆಚ್ಚನೆಯ ಹವೆಯಲ್ಲಿ ಉದ್ದದ ಒಳಚರಂಡಿ ಕೊಳವೆಗಳಲ್ಲೇ ಇವು ಒಂದಿಷ್ಟು ಹುಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಮಳೆನೀರು ಒಳಚರಂಡಿಗೆ ನುಗ್ಗಿದಾಗ ಕೊಳಚೆ ತೆಳುವಾಗಿ ಆಮ್ಲಜನಕವನ್ನೂ ಹೊತ್ತು ತರುತ್ತದೆ, ಕೆಲವು ದಿನ ರಂಜಕ ತೆಗೆಯುವುದು ಏರುಪೇರಾಗುತ್ತದೆ. ಚಳಿಯ ನಾಡಾದ ಕೆನಡಾದಲ್ಲಿ, ಪ್ರಾಥಮಿಕ ಹಂತದ ಕೆಸರನ್ನು ಹುದುಗಿಸಿ ಕೊಬ್ಬಿನಾಮ್ಲ ತಯಾರಿಸಿಕೊಳ್ಳುವ ತೊಟ್ಟಿಯನ್ನು ಘಟಕದಲ್ಲೇ ಕಟ್ಟುವುದುಂಟು.

ನಮ್ಮಂಥ ಬಿಸಿ ಪ್ರದೇಶದಲ್ಲಿ ಇದು ನಡೆಯುವುದಿಲ್ಲ ಎನ್ನುತ್ತಾರೆ. ನಿಜವೇ?

ಈ ಮಾತಿಗೆ ಆಧಾರವಿದೆ, ಆದರೆ ತೀರ್ಮಾನ ಸರಿಯಲ್ಲ. ಗ್ಲೈಕೊಜನ್ ಎಂಬ ಪಿಷ್ಟದಂಥ ವಸ್ತುವನ್ನು ಶೇಖರಿಸುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳಿವೆ. ಇವೂ ಗಾಳಿಯಿಲ್ಲದೆಡೆ ಕೊಬ್ಬಿನಾಮ್ಲಗಳನ್ನು ಕಬಳಿಸುತ್ತವೆ, ಆದರೆ ರಂಜಕವನ್ನು ತೆಗೆಯುವುದಿಲ್ಲ. ನೀರಿನ ತಾಪಮಾನ 25 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಮತ್ತು ಪಿಎಚ್ 7ರ ಕೆಳಗೆ ಇಳಿದಂತೆ ಇವುಗಳ ಕೈ ಮೇಲಾಗುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ. ಹಾಗಿದ್ದೂ ಸಿಂಗಪುರದ ದೊಡ್ಡ ಘಟಕಗಳಲ್ಲಿ 28ರಿಂದ 32 ಡಿಗ್ರಿಯ ನೀರಿನಲ್ಲಿ ರಂಜಕ ತೆಗೆಯುವ ಕೆಲಸ ಸಾಗಿದೆ. ಬೆಂಗಳೂರು, ಮೈಸೂರಿನ ಹವೆ ಸಿಂಗಪುರದಷ್ಟು ಬಿಸಿಯೂ ಅಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೆಚ್ಚಿನ ಎಚ್ಚರ ಬೇಕು ಎನ್ನಬಹುದೇ ಹೊರತು ತಂತ್ರವನ್ನೇ ಕೈಬಿಡಲು ಕಾರಣವಿಲ್ಲ.

ರಂಜಕವನ್ನು ಕಟ್ಟಿಹಾಕುವ ಆಲಂ (ಅಲ್ಯೂಮಿನಿಯಂ ಲವಣ) ಅಥವಾ ಫೆರಿಕ್ ಕ್ಲೋರೈಡ್ (ಕಬ್ಬಿಣದ ಲವಣ) ಹಾಕಿದರೆ ಸುಲಭವಲ್ಲವೇ?

ಸುಲಭ, ಖಚಿತ, ಚಿಕ್ಕ ಘಟಕಗಳಿಗೆ ಕೆಲವೊಮ್ಮೆ ಅದೇ ಸೂಕ್ತ. ಆದರೆ ಪ್ರತಿದಿನ ರಾಸಾಯನಿಕ ಕೊಳ್ಳಬೇಕು, ಕೆಸರಿನ ಪ್ರಮಾಣ ಹೆಚ್ಚುತ್ತದೆ, ನೀರಿನ ಕ್ಷಾರೀಯತೆ ಕುಗ್ಗುತ್ತದೆ, ಕಬ್ಬಿಣಕ್ಕೋ ಅಲ್ಯೂಮಿನಿಯಂಗೋ ಅಂಟಿಕೊಂಡ ರಂಜಕ ಬೆಳೆಗಳಿಗೆ ಅಷ್ಟು ಸಲೀಸಾಗಿ ದೊರೆಯುವುದಿಲ್ಲ. ಮುಖ್ಯ ಕೆಲಸವನ್ನು ಜೀವಿಗಳಿಗೆ ಬಿಟ್ಟು, ಮಳೆಗಾಲದ ಏರುಪೇರಿಗೆ ಮಾತ್ರ ಅಲ್ಪ ಪ್ರಮಾಣದ ಆಲಂ ಇಟ್ಟುಕೊಳ್ಳುವುದು ವಿವೇಕದ ಮಾರ್ಗ. ಅತಿಯಾಗಿ ಹಾಕಿದರೆ ಬ್ಯಾಕ್ಟೀರಿಯಾಗಳಿಗೆ ಸಿಗಬೇಕಾದ ಫಾಸ್ಫೇಟನ್ನೂ ಆಲಂ ಕಟ್ಟಿಹಾಕಿ ಅವನ್ನು ದುರ್ಬಲಗೊಳಿಸುತ್ತದೆ.

ಎಲ್ಲವೂ ಸರಿಯಿದ್ದರೂ ಹೊರಹೋಗುವ ನೀರಿನಲ್ಲಿ ರಂಜಕ ಏಕೆ ಇಳಿಯುವುದಿಲ್ಲ?

ಬಹುತೇಕ ಸಂದರ್ಭಗಳಲ್ಲಿ ದೋಷ ಕೆಸರಿನ ನಿರ್ವಹಣೆಯಲ್ಲಿರುತ್ತದೆ. ಹೀರಿಕೊಂಡ ರಂಜಕವನ್ನು ಜೀವಿಗಳು ಆಮ್ಲಜನಕ ಸಿಗದ ಯಾವುದೇ ಜಾಗದಲ್ಲಿ ಮತ್ತೆ ಬಿಟ್ಟುಕೊಡುತ್ತವೆ. ಕ್ಲಾರಿಫೈಯರ್‌ನ ತಳದಲ್ಲಿ ಕೆಸರು ಗಂಟೆಗಟ್ಟಲೆ ಕುಳಿತರೆ, ಹೊರತೆಗೆದ ಕೆಸರನ್ನು ಗಾಳಿಯಿಲ್ಲದೆ ದಿನಗಟ್ಟಲೆ ಸಂಗ್ರಹಿಸಿಟ್ಟರೆ, ಅದನ್ನು ಹಿಂಡಿದಾಗ ಸೋರುವ ರಂಜಕಭರಿತ ನೀರನ್ನು ಪುನಃ ಘಟಕದ ಬಾಯಿಗೇ ಬಿಟ್ಟರೆ, ತೆಗೆದ ರಂಜಕ ಮರಳಿ ಬರುತ್ತದೆ. ವಿದ್ಯುತ್ ಉಳಿಸಲು ರಾತ್ರಿಯಿಡೀ ಬ್ಲೋವರ್ (ಗಾಳಿಯೂದುವ ಯಂತ್ರ) ನಿಲ್ಲಿಸುವ ಅಭ್ಯಾಸ ಅನೇಕ ಕಡೆ ಇದೆ. ಆಗ ಏರೇಷನ್ ಟ್ಯಾಂಕಿನಲ್ಲೇ ಬಿಡುಗಡೆ ನಡೆದು, ಬೆಳಗ್ಗೆ ಹೊರಹೋಗುವ ಮೊದಲ ನೀರಿನಲ್ಲಿ ರಂಜಕ ಏರಿರುತ್ತದೆ. ಬೆಳಗ್ಗೆ ಹತ್ತರ ಬಳಿಕ ಮಾದರಿ ತೆಗೆದರೆ ಇದು ಗೊತ್ತಾಗದೇ ಹೋಗಬಹುದು.

ಕೆಸರಿನ ಕಣಗಳೂ ಲೆಕ್ಕಕ್ಕೆ ಬರುತ್ತವೆ. ಶೇ 5ರಷ್ಟು ರಂಜಕವಿರುವ ಕೆಸರಿನ 20 ಮಿಲಿಗ್ರಾಂ ಕಣಗಳು ಒಂದು ಲೀಟರ್ ನೀರಿನಲ್ಲಿ ತೇಲಿಹೋದರೆ ಅಷ್ಟರಿಂದಲೇ 1 ಮಿಲಿಗ್ರಾಂ ರಂಜಕ ಹೋದಂತಾಯಿತು. ಆದ್ದರಿಂದ ಮರಳು ಸೋಸುಕ ಅಥವಾ ಮೆಂಬ್ರೇನ್ ಇದ್ದರೆ ಬಹಳ ಅನುಕೂಲ.

ಆ ಕೆಸರನ್ನು ಏನು ಮಾಡುವುದು?

ಹದವಾಗಿ ಒಣಗಿಸಿ, ರೋಗಾಣುಗಳನ್ನು ತಗ್ಗಿಸಿ, ಭಾರಲೋಹಗಳ ಪರೀಕ್ಷೆ ಮಾಡಿಸಿ ಜಮೀನಿಗೆ ಬಳಸಬಹುದು. ದೊಡ್ಡ ಘಟಕಗಳಲ್ಲಿ ಕೆಸರನ್ನು ಜೈವಿಕ ಅನಿಲಕ್ಕಾಗಿ ಕೊಳೆಸುವಾಗ ರಂಜಕ, ಅಮೋನಿಯಂ ಮತ್ತು ಮೆಗ್ನೀಸಿಯಂ ಸೇರಿ ಸ್ಟ್ರುವೈಟ್ ಎಂಬ ಬಿಳಿಯ ಹರಳಾಗುತ್ತದೆ. ಕೊಳವೆಗಳ ತಿರುವಿನಲ್ಲಿ, ಪಂಪಿನ ಒಳಗೋಡೆಯಲ್ಲಿ, ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಪಿಎಚ್ ಏರುವ ಕಡೆಗಳಲ್ಲಿ ಅದು ಕಲ್ಲಿನಂತೆ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಇದೇ ಹರಳನ್ನು ಪ್ರತ್ಯೇಕ ತೊಟ್ಟಿಯಲ್ಲಿ ಮೆಗ್ನೀಸಿಯಂ ಸೇರಿಸಿ ಬೇಕೆಂದೇ ಬೆಳೆಸಿದರೆ ನಿಧಾನವಾಗಿ ಕರಗುವ ಗೊಬ್ಬರ ದೊರೆಯುತ್ತದೆ. ಅಮೆರಿಕದ ಓರೆಗಾನ್ ರಾಜ್ಯದ ಡರ್ಹಮ್ ಘಟಕದಲ್ಲಿ 2009ರಿಂದ ಹೀಗೆ ಮಾಡಲಾಗಿದೆ. ರಂಜಕದ ಕಲ್ಲಿಗೆ ಬಹುಪಾಲು ಆಮದನ್ನೇ ನಂಬಿರುವ ಭಾರತಕ್ಕೆ ಈ ಮಾರ್ಗ ಬಹಳ ಮುಖ್ಯವಾದುದು.

ಕಾನೂನು ಏನು ಹೇಳುತ್ತದೆ?

ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಕರಗಿದ ಫಾಸ್ಫೇಟ್, ರಂಜಕದ ಲೆಕ್ಕದಲ್ಲಿ, ಲೀಟರಿಗೆ 5 ಮಿಲಿಗ್ರಾಂ ಮೀರಬಾರದು. ಎಸ್‌ಟಿಪಿಗಳಿಗೆಂದೇ 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ರಂಜಕದ ಮಿತಿಯನ್ನು ಹೇಳಿಲ್ಲ. ಯುರೋಪಿನ 1991ರ ನಿರ್ದೇಶನ ಸೂಕ್ಷ್ಮ ಜಲಪ್ರದೇಶಗಳಲ್ಲಿನ ದೊಡ್ಡ ಘಟಕಗಳಿಗೆ 1 ಮಿಲಿಗ್ರಾಂ ಹಾಗೂ ಅದಕ್ಕಿಂತ ಚಿಕ್ಕವುಗಳಿಗೆ 2 ಮಿಲಿಗ್ರಾಂ ಎಂದು ಗೊತ್ತುಪಡಿಸಿತ್ತು. ಲೀಟರಿಗೆ 5 ಮಿಲಿಗ್ರಾಂ ಎಂಬ ಮಿತಿ ನಿಂತ ನೀರಿನ ಕೆರೆಯೊಂದನ್ನು ಕಾಪಾಡಲಾರದು.

ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ ಇದನ್ನು ಅಳವಡಿಸಬಹುದೇ?

ಸಂಸ್ಕರಿತ ನೀರನ್ನೆಲ್ಲ ಗಿಡಗಳಿಗೆ ಹಾಯಿಸುವಿರಾದರೆ ಅಗತ್ಯವಿಲ್ಲ, ಅಲ್ಲಿ ರಂಜಕ ಗೊಬ್ಬರವೇ. ಹೆಚ್ಚುವರಿ ನೀರು ಚರಂಡಿಯ ಮೂಲಕ ಕೆರೆ ಸೇರುವುದಾದರೆ ಯೋಚಿಸಬೇಕು. ತೊಟ್ಟಿಯನ್ನು ಸರದಿಯಂತೆ ತುಂಬಿ, ಗಾಳಿಯೂದಿ, ತಿಳಿಗೊಳಿಸಿ, ಖಾಲಿ ಮಾಡುವ ಎಸ್‌ಬಿಆರ್ ಬಗೆಯ ಘಟಕವಿದ್ದರೆ ಹೊಸ ಕಟ್ಟಡ ಬೇಡ. ತುಂಬುವ ಹೊತ್ತಿನಲ್ಲಿ ಬ್ಲೋವರ್ ನಿಲ್ಲಿಸಿ ಕಲಕುವ ಯಂತ್ರವನ್ನಷ್ಟೇ ನಡೆಸುವಂತೆ ಟೈಮರ್ ಬದಲಿಸಿದರೆ, ಉಳಿದ ನೈಟ್ರೇಟ್ ತೀರಿದ ಮೇಲೆ ಒಂದರಿಂದ ಎರಡು ಗಂಟೆಯ ಗಾಳಿಯಿಲ್ಲದ ಹಂತ ದೊರೆಯುತ್ತದೆ. ದೀರ್ಘಕಾಲ ಗಾಳಿಯೂದುವ ಬಗೆಯ ಘಟಕಗಳಲ್ಲಿ ಕೆಸರನ್ನು ತಿಂಗಳುಗಟ್ಟಲೆ ಹೊರತೆಗೆಯದೆ ಬಿಡುವುದರಿಂದ ಏನು ಮಾಡಿದರೂ ಫಲ ಕಡಿಮೆ. ಅಂಥಲ್ಲಿ ಮೊದಲು ಕೆಸರನ್ನು ನಿಯಮಿತವಾಗಿ ತೆಗೆಯುವ ವ್ಯವಸ್ಥೆಯಾಗಬೇಕು, ಅದಕ್ಕೂ ಮುನ್ನ ಒಂದು ವಾರದ ಕಾಲ ಬೆಳಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಹೊರಹೋಗುವ ನೀರಿನ ಒಟ್ಟು ರಂಜಕವನ್ನು ಅಳೆಸಿ, ನಿರ್ವಾಹಕರ ದಿನಚರಿ ಪುಸ್ತಕದಲ್ಲಿ ಬ್ಲೋವರ್ ನಡೆದ ಗಂಟೆಗಳ ಪಕ್ಕದಲ್ಲೇ ಬರೆಸಿಡಿ.